ಮೂವತ್ತಕ್ಕೆ ಹದಿಮೂರು

ಫೆಬ್ರವರಿ 4, ಸಂಜೆ

ಐದಕ್ಕೆ ಶಿಫ್ಟ್ ಬಿಟ್ಟಿತು. ಐದೂವರೆಗೆ ಸಂಧಾನ ಕಲೆಯ ಕ್ಲಾಸು. ಆಸ್ಪತ್ರೆ ಲಾಂಡ್ರಿಯಿಂದ ವಿಶ್ವವಿದ್ಯಾಲಯದ ಗೇಟಿಗೆ ಇಪ್ಪತ್ತೆರಡು ನಿಮಿಷದ ನಡಿಗೆ. ಮೊದಲ ದಿನ, ಮೂರು ನಿಮಿಷ ಮುಂಚೆಯೇ ಬೆಂಚಿನಲ್ಲಿದ್ದೆ. ಕೈಗೆಲ್ಲ ಬ್ಲೀಚಿನ ವಾಸನೆ. ಪಕ್ಕದ ಹುಡುಗಿ ಮೂಗು ಮುರಿಯಲಿಲ್ಲ, ಒಳ್ಳೆಯವಳು. ದಪ್ಪ ಕನ್ನಡಕ. ಹೆಸರು ಕೇಳಿದೆ, ಮರೆತೆ. ಕನ್ನಡಕ ಅಂತಲೇ ಇರಲಿ.

ಮೇಡಂ ನಿಯಮಗಳ ಹಾಳೆ ಹಂಚಿದರು. ನಾಲ್ಕು ಪುಟ. ಹಾಜರಿಗೆ ಇಪ್ಪತ್ತು ಅಂಕ, ಬರವಣಿಗೆಗೆ ಇಪ್ಪತ್ತು, ಪರೀಕ್ಷೆಗೆ ಮೂವತ್ತು, ಕೊನೆಯಲ್ಲಿ ಕಾರ್ಮಿಕರು-ಮಾಲೀಕರ ಅಣಕು ಮಾತುಕತೆಗೆ ಮೂವತ್ತು. ಹತ್ತು ನಿಮಿಷ ತಡವಾದರೆ ಗೈರು. ಬರವಣಿಗೆ ಒಂದು ದಿನ ತಡವಾದರೆ ಹತ್ತನೇ ಒಂದು ಭಾಗ ಕಟ್. ಫೋನ್ ಕೂಗಿದರೆ ಒಂದಂಕ ಹೋಯಿತು. ಆಹಾ... ನಿಯಮ ಅಂದರೆ ಹೀಗಿರಬೇಕು. ನಮ್ಮ ಲಾಂಡ್ರಿಯ ಸಾಹೇಬರು ನೋಡಿ ಕಲಿಯಲಿ.

"ಕೊನೆ ಪುಟಕ್ಕೆ ಎಲ್ಲರೂ ಸಹಿ ಹಾಕಿ ಕೊಡಿ" ಅಂದರು. ನಲವತ್ತು ಜನ ಟಕಟಕ ಸಹಿ ಹಾಕಿದರು. ನಾನೊಬ್ಬಳೇ ಕೈ ಎತ್ತಿದೆ. "ಮನೇಲಿ ಓದಿ ನಾಳೆ ಕೊಡ್ತೀನಿ ಮೇಡಂ. ಓದ್ದೆ ಸಹಿ ಹಾಕೋ ಅಭ್ಯಾಸ ಇಲ್ಲ." ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಹಾಳೆ ಹಂಚಿದ್ದೇ ಅದಕ್ಕೆ ಅಂದರು. ನನ್ನ ತಂಗಿಯ ವಯಸ್ಸು ಅವರಿಗೆ. ನನಗೆ ಹಿಗ್ಗೋ ಹಿಗ್ಗು.

ಫೆಬ್ರವರಿ 5, ಬೆಳಗ್ಗೆ

ಪೂರ್ತಿ ಓದಿದೆ, ಎರಡು ಸಲ. ಒಂದು ಸಾಲು ಎದೆಗೆ ನಾಟಿತು — ಮಾತುಕತೆಯಲ್ಲಿ ಅರ್ಧ ಅಂಕ ಬರದಿದ್ದರೆ ಉಳಿದದ್ದರಲ್ಲಿ ಎಷ್ಟೇ ಬಂದಿರಲಿ, ನಪಾಸು. ಮೂವತ್ತಕ್ಕೆ ಹದಿನೈದು. ಗುಂಪಿಗೆಲ್ಲ ಒಂದೇ ಅಂಕ.

ನಕ್ಕುಬಿಟ್ಟೆ. ಹತ್ತೊಂಬತ್ತು ವರ್ಷದಿಂದ ಯೂನಿಯನ್ ಪ್ರತಿನಿಧಿ ನಾನು. ಮೂವರು ಸಾಹೇಬರಿಗೆ ಮೇಜಿನ ಎದುರಲ್ಲಿ ನೀರಿಳಿಸಿದವಳು. ಅದರಲ್ಲಿ ನಪಾಸಾಗುವುದೆ! ಹೆದರಿಕೆ ಇರುವುದು ಪರೀಕ್ಷೆಯದು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪಾಸಾದರೆ ಮುಂದಿನ ವರ್ಷ ಡಿಪ್ಲೊಮಾಗೆ ಸೇರಿಸಿಕೊಳ್ಳುತ್ತಾರೆ. ಪಾಸಾಗೇ ಆಗುತ್ತೇನೆ ಅಂತ ಇಡೀ ಲಾಂಡ್ರಿಗೆ ಡಂಗುರ ಸಾರಿಬಿಟ್ಟಿದ್ದೇನೆ. ಇವರು ಬಸ್ ಡ್ಯೂಟಿಗೆ ಹೊರಡುವಾಗ "ಬರ್ತೀನಿ ಪ್ರೊಫೆಸರಮ್ಮ" ಅಂದರು. ಅನ್ನಲಿ.

ಮಾರ್ಚ್ 27, ಸಂಜೆ

ಪರೀಕ್ಷೆಯ ಫಲಿತಾಂಶ. ಮೂವತ್ತಕ್ಕೆ ಹದಿನಾರು! ಹಾಜರಿಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು, ಕ್ಲಾಸಿನಲ್ಲಿ ನನಗೊಬ್ಬಳಿಗೇ. ಬರವಣಿಗೆ ಹದಿನೈದು. ಒಟ್ಟು ಐವತ್ತೊಂದು ಆಗಲೇ ಕೈಯಲ್ಲಿದೆ. ಪಾಸಿಗೆ ಬೇಕಾದದ್ದು ಐವತ್ತು. ಮಾತುಕತೆಯ ಆ ಹದಿನೈದು ಮುಟ್ಟಿದರೆ ಮುಗಿಯಿತು. ಡ್ರೈಯರ್ ಮುಂದೆ ನಿಂತು ಎಲ್ಲರಿಗೂ ಹೇಳಿದೆ. ಕೊಂಬು ಬಂದಿದೆ ಅಂದರು. ಬಂದಿದೆ, ಯಾಕೆ ಬರಬಾರದು?

ಏಪ್ರಿಲ್ 15, ಸಂಜೆ

ಚೀಟಿ ಎತ್ತಿದರು. ನಾನು, ಕನ್ನಡಕ, ಮತ್ತೆ ಕೊನೆಯ ಬೆಂಚಿನ ಉದ್ದನೆಯ ಹುಡುಗ — ಉದ್ದಣ್ಣ — ಒಂದು ಗುಂಪು. ಚೀಟಿ ಬಿಚ್ಚಿದರೆ... ಆಡಳಿತ ಮಂಡಳಿ!

ನಾನು ಮಾಲೀಕರ ಕಡೆ. ಬದಲಿಸಿಕೊಡಿ ಅಂದೆ. ಮೇಡಂ ಎರಡನೇ ಪುಟ ತೋರಿಸಿದರು. ಚೀಟಿ ಬದಲಿಸುವಂತಿಲ್ಲ. ನಾನೇ ಓದಿ ಸಹಿ ಹಾಕಿದ್ದು.

ಉದ್ದಣ್ಣನಿಗೆ ಖುಷಿ. "ಅಕ್ಕಾ, ನಿಮಗೆ ಎದುರು ಪಾರ್ಟಿ ಒಳಗುಟ್ಟೆಲ್ಲ ಗೊತ್ತು. ನಾವು ಗೆದ್ದ ಹಾಗೇ." ಇಬ್ಬರಿಗೂ ಇದೇ ಕೊನೆಯ ಸೆಮಿಸ್ಟರ್. ಇಲ್ಲಿ ಬಿದ್ದರೆ ಡಿಗ್ರಿ ಒಂದು ವರ್ಷ ಮುಂದಕ್ಕೆ.

ಏಪ್ರಿಲ್ 29, ಸಂಜೆ

ಬರೆಯಲು ಕೈ ಏಳುತ್ತಿಲ್ಲ. ಬರೆಯುತ್ತೇನೆ.

ಇವತ್ತು ಅಣಕು ಮಾತುಕತೆ. ಕಲ್ಪನೆಯ ಒಂದು ಬಾಟಲಿ ಕಾರ್ಖಾನೆ. ವಿಷಯ: ಶಿಫ್ಟ್ ಬದಲಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು. ಮೇಡಂ ನಮ್ಮ ಗುಂಪಿಗೆ ಮಾತ್ರ ಕೊಟ್ಟ ಗುಟ್ಟಿನ ಹಾಳೆಯಲ್ಲಿ ಬರೆದಿತ್ತು — ಮೂರು ದಿನಕ್ಕಿಂತ ಹೆಚ್ಚು ಕೊಡಬೇಡಿ. ಮುಕ್ಕಾಲು ಗಂಟೆ ಚೆನ್ನಾಗಿ ನಡೆಯಿತು. ನಾನು ಸಾಹೇಬರ ಹಾಗೆ ಕೈಗಡಿಯಾರ ನೋಡಿದೆ, ನಿಟ್ಟುಸಿರು ಬಿಟ್ಟೆ, ನಮ್ಮ ಕಷ್ಟ ನಿಮಗೇನು ಗೊತ್ತು ಅಂದೆ. ನಾನೇ ನಂಬುವ ಹಾಗಿತ್ತು. ಕಾರ್ಮಿಕರ ಕಡೆ ಒಬ್ಬಳು ಮೆಲುದನಿಯ ಹುಡುಗಿ. ಕನ್ನಡಕ ಜಾಣತನದಿಂದ ಬರೆದು ಮುಂದಿಟ್ಟಳು: "ಶಿಫ್ಟ್ ಬದಲಾವಣೆಯನ್ನು ಮುಂಚಿತವಾಗಿ ತಿಳಿಸಲಾಗುವುದು." ಅಷ್ಟೇ. ಎಷ್ಟು ದಿನ ಅಂತ ಇಲ್ಲ.

ಆ ಹುಡುಗಿ ಪೆನ್ನು ತೆಗೆದಳು.

ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. "ತಡಿ ತಾಯಿ! ಎಷ್ಟು ದಿನ ಮುಂಚೆ ಅಂತ ಬರೆಸ್ಕೋ. ಯಾವತ್ತಿಂದ ಅಂತಾನೂ ಬರೆಸ್ಕೋ. ಇಲ್ಲಾಂದ್ರೆ ಈ ಜನ ಒಂದು ಗಂಟೆ ಮುಂಚೆ ಹೇಳಿ, ಮುಂಚಿತವಾಗೇ ಹೇಳಿದ್ವಲ್ಲ ಅಂತಾರೆ."

ಈ ಜನ ಅಂದರೆ ನಾವೇ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಉದ್ದಣ್ಣ ತಲೆ ಮೇಲೆ ಕೈ ಹೊತ್ತ. ಆ ಹುಡುಗಿ ಏಳು ದಿನ ಕೇಳಿದಳು, ಜೂನ್ ಒಂದರಿಂದ ಅಂದಳು. ನಮ್ಮ ಉಪಾಯ ಬಯಲಾದ ಮೇಲೆ ಇಲ್ಲ ಅನ್ನಲು ನಮಗೆ ಬಾಯಿ ಎಲ್ಲಿ? ಸಹಿ ಆಯಿತು.

ಮೇ 4, ಸಂಜೆ

ಹದಿಮೂರು.

ಮೂವರಿಗೂ.

ಮೇ 6, ಬೆಳಗ್ಗೆ

ಲಾಂಡ್ರಿಯಲ್ಲಿ ಯಾರಿಗೂ ಹೇಳಿಲ್ಲ. ನಾನು ಬಿದ್ದದ್ದು ಇರಲಿ. ನನ್ನನ್ನು ನಂಬಿದ ಎರಡು ಮಕ್ಕಳ ಕಾಲು ಮುರಿದೆನಲ್ಲ. ಇದೇ ಸುಡುತ್ತಿದೆ.

ಹಾಳೆ ಮತ್ತೆ ತೆಗೆದೆ. ಕೊನೆಯ ಪುಟ, ಸಣ್ಣ ಅಕ್ಷರ. ಒಂದು — ಗುಂಪಿನವರೆಲ್ಲ ಒಪ್ಪಿ ಸಹಿ ಹಾಕಿದರೆ ಒಟ್ಟು ಅಂಕವನ್ನು ತಮ್ಮಲ್ಲೇ ಬೇರೆ ರೀತಿ ಹಂಚಿಕೊಳ್ಳಬಹುದು. ಎರಡು — ಅಥವಾ ಏಳು ದಿನದೊಳಗೆ ಮೇಲ್ಮನವಿ ಕೊಡಬಹುದು. ಅಂಕ ಏರಲೂಬಹುದು, ಇಳಿಯಲೂಬಹುದು. ಎರಡರಲ್ಲಿ ಒಂದು ಮಾತ್ರ.

ಮೂರು ಹದಿಮೂರು ಮೂವತ್ತೊಂಬತ್ತು. ಅವರಿಗೆ ಹದಿನೈದು, ಹದಿನೈದು. ನನಗೆ ಒಂಬತ್ತು. ಇಬ್ಬರೂ ಪಾಸು! ಅಚ್ಚುಕಟ್ಟಾಗಿ ಬರೆದು ನನ್ನ ಸಹಿ ಹಾಕಿದೆ. ತಲೆ ಎತ್ತಿ ಸೋಲುವುದು ನನಗೂ ಗೊತ್ತು.

ಮೇ 6, ಸಂಜೆ

ಸಹಿ ಹಾಕಲಿಲ್ಲ.

ಕ್ಯಾಂಟೀನಿನಲ್ಲಿ ಇಬ್ಬರ ಮುಂದೆ ಹಾಳೆ ಇಟ್ಟೆ. ಕನ್ನಡಕ ಓದಿದಳು. ಮಡಿಸಿ ನನ್ನ ಕೈಗೇ ಕೊಟ್ಟಳು.

"ಅಕ್ಕಾ, ಲಾಂಡ್ರೀಲಿ ಮೂರು ಜನರಲ್ಲಿ ಒಬ್ಬರನ್ನ ಬಿಟ್ಕೊಟ್ಟು ಇಬ್ಬರನ್ನ ಉಳಿಸ್ಕೊಳ್ಳಿ ಅಂತ ಸಾಹೇಬರು ಹೇಳಿದ್ರೆ ನೀವು ಸಹಿ ಹಾಕ್ತಿದ್ರಾ?"

"ಅದು ಬೇರೆ, ಇದು ಬೇರೆ."

"ಏನು ಬೇರೆ?"

ಇಪ್ಪತ್ತೊಂದು ವರ್ಷದವಳು ನನ್ನ ಬಾಯಿ ಕಟ್ಟಿದಳು.

ಅವಳು ಅಂಕದ ಚೀಟಿ ಬಿಡಿಸಿ ಇಟ್ಟಳು. ತಯಾರಿ ಐದು, ಪ್ರಶ್ನೆ ಕೇಳುವ ರೀತಿ ನಾಲ್ಕು, ಪಟ್ಟು ಹಿಡಿಯುವುದು ಒಂದು — ಅದು ನ್ಯಾಯವೇ. ಕೊನೆಯದು, ಒಪ್ಪಂದದ ಗುಣಮಟ್ಟ: ಹತ್ತಕ್ಕೆ ಮೂರು. "ನಾವು ಸೋತಿದ್ದಕ್ಕೆ ಮೂರು ಕೊಟ್ಟಿದಾರೆ. ಆದ್ರೆ ನಿಯಮದಲ್ಲಿ ಗೆದ್ದವರಿಗೆ ಅಂಕ ಅಂತ ಎಲ್ಲಿದೆ? ಒಪ್ಪಂದ ಸ್ಪಷ್ಟವಾಗಿರಬೇಕು, ಮುಂದೆ ಜಗಳಕ್ಕೆ ಎಡೆ ಇರಬಾರದು ಅಂತಿದೆ. ಏಳು ದಿನ, ಜೂನ್ ಒಂದು. ಇಡೀ ಕ್ಲಾಸಲ್ಲಿ ನಮ್ಮಷ್ಟು ಸ್ಪಷ್ಟ ಯಾರದ್ದಿದೆ? ಮೇಲ್ಮನವಿ ಕೊಡೋಣ."

"ಹುಚ್ಚಾ ನಿಮಗೆ? ಕೈಯಲ್ಲಿರೋ ಪಾಸು ಬಿಟ್ಟು! ಇಳಿದ್ರೆ?"

ಉದ್ದಣ್ಣ ಅಂದ, "ನಪಾಸಿನ ಕೆಳಗೆ ಇನ್ನೇನಿದೆ ಅಕ್ಕಾ, ನೆಲಮಾಳಿಗೆನಾ?"

ಬೈದೆ. ಕೇಳಲಿಲ್ಲ. ಮೇಲ್ಮನವಿಗೆ ಸಹಿ ಹಾಕಿದರು, ಇಬ್ಬರೂ. ಪೂರ್ತಿ ಓದಿ. ನಾನೂ ಹಾಕಿದೆ.

ಮೇ 12, ಸಂಜೆ

ವಿಚಾರಣೆ. ಮೇಡಂ ಕೋಣೆ, ಮೂರು ಕುರ್ಚಿ, ಇಪ್ಪತ್ತು ನಿಮಿಷ. ಅರ್ಧ ದಿನ ರಜೆ ಹಾಕಿ ಹೋದೆ. ಬಾಗಿಲಲ್ಲಿ ಕನ್ನಡಕ ನನ್ನ ತೋಳು ಹಿಡಿದಳು. "ಅಕ್ಕಾ, ಇವತ್ತು ನೀವು ಮಾತಾಡಬೇಡಿ. ನಾವು ಮಾತಾಡ್ತೀವಿ."

ಬಾಯಿಗೆ ಬೀಗ ಹಾಕಿ ಕೂತೆ. ಅಬ್ಬಾ, ಎಂಥ ಶಿಕ್ಷೆ! ಎರಡು ಸಲ ತುಟಿ ಕಚ್ಚಿದೆ.

ಕನ್ನಡಕ ಉಳಿದ ಗುಂಪುಗಳ ಒಪ್ಪಂದಗಳನ್ನೂ ತಂದಿದ್ದಳು, ಅವರನ್ನು ಕೇಳಿಯೇ. "ಶೀಘ್ರವಾಗಿ", "ಸಾಧ್ಯವಾದಾಗ", "ಸೂಕ್ತ ಸಮಯದಲ್ಲಿ" — ಒಂದೊಂದಕ್ಕೂ ಕೆಂಪು ಗೆರೆ. ಮೇಡಂ ಗಟ್ಟಿಗಿತ್ತಿ, ಸುಲಭಕ್ಕೆ ಬಿಡಲಿಲ್ಲ. "ಆ ಸ್ಪಷ್ಟತೆ ನಿಮ್ಮ ಗುಂಪು ಬೇಕು ಅಂತ ತಂದಿದ್ದಲ್ಲ. ನಾಲಿಗೆ ಜಾರಿ ಬಂದಿದ್ದು."

ಉದ್ದಣ್ಣ, ಕ್ಲಾಸಿನಲ್ಲಿ ಒಂದು ದಿನವೂ ಬಾಯಿ ಬಿಡದವನು, ಮುಂದೆ ಬಾಗಿದ. "ಜಾರಿದ್ದಲ್ಲ ಮೇಡಂ. ಇವ್ರು ಹತ್ತೊಂಬತ್ತು ವರ್ಷದಿಂದ ಕಲ್ತಿದ್ದು ಅದು. ಕಲ್ತಿದ್ದು ಎದುರು ಪಾರ್ಟಿ ಕುರ್ಚೀಲಿ ಕೂತ್ರೂ ಮರೀಲಿಲ್ಲ. ಅಂಥವ್ರು ನಮ್ಮ ಗುಂಪಲ್ಲಿದ್ರು, ಅದಕ್ಕೇ ನಮ್ಮ ಒಪ್ಪಂದ ಚೆನ್ನಾಗಿದೆ. ಅದು ಗುಂಪಿನ ಕೆಲಸ ಅಲ್ವಾ?"

ಮೇಡಂ ನನ್ನ ಕಡೆ ತಿರುಗಿದರು. "ನೀವು ಏನೂ ಹೇಳಲ್ವಾ?"

"ನಮ್ಮ ಕಡೆಯವರು ಮಾತಾಡ್ತಿದಾರೆ ಮೇಡಂ" ಅಂದೆ.

ಹತ್ತೊಂಬತ್ತು ವರ್ಷ ಯಾರ ಯಾರ ಪರವಾಗಿಯೋ ಮಾತಾಡಿದ್ದೇನೆ. ನನ್ನ ಪರವಾಗಿ, ನಾನು ಪಕ್ಕದಲ್ಲಿ ಕೂತಿರುವಾಗ, ಯಾರೂ ಒಂದು ಮಾತು ಆಡಿದ್ದು ನೆನಪಿಲ್ಲ. ಇವತ್ತು ಆಡಿದರು. ಇನ್ನು ಹದಿಮೂರಾದರೂ ಇರಲಿ, ಮೂರಾದರೂ ಆಗಲಿ. ಹೆಮ್ಮೆಯಿಂದ ಅತ್ತೆ, ಬಸ್‌ಸ್ಟಾಪಿನಲ್ಲಿ.

ಮೇ 15, ಸಂಜೆ 7

ಮಧ್ಯಾಹ್ನ ಕನ್ನಡಕಳ ಫೋನು. ಡ್ರೈಯರ್ ಸದ್ದಿನಲ್ಲಿ ಏನೂ ಕೇಳದು. ಒದ್ದೆ ಬೆಡ್‌ಶೀಟಿನ ಗಾಡಿ ಅಲ್ಲೇ ಬಿಟ್ಟು ಹೊರಗೆ ಓಡಿದೆ. ಕೊನೆಯ ವಿಭಾಗಕ್ಕೆ ಮೂರರ ಬದಲು ಏಳು. ಒಟ್ಟು ಹದಿನೇಳು! ಮೂವರೂ ಪಾಸು. ಉಳಿದ ಮೂರರಲ್ಲಿ ಒಂದಂಕವನ್ನೂ ಮೇಡಂ ಸಡಿಲಿಸಲಿಲ್ಲ. ಪಟ್ಟು ಹಿಡಿಯುವುದಕ್ಕೆ ಒಂದು ಅಂದರೆ ಒಂದೇ. ಅದಕ್ಕೂ ಅವರ ಮೇಲೆ ಗೌರವ ಹೆಚ್ಚಾಯಿತು.

ಮನೆಗೆ ಬಂದೆ. ಇವರು ಡ್ಯೂಟಿ ಮುಗಿಸಿ ಕಾಲು ಚಾಚಿ ಕೂತಿದ್ದರು. ಎದುರಿಗೆ ಕೂತು ಶುರು ಮಾಡಿದೆ. ಕನ್ನಡಕ ಹೇಗೆ ಕೆಂಪು ಗೆರೆ ಎಳೆದಿದ್ದಳು, ಉದ್ದಣ್ಣ ಹೇಗೆ ಮುಂದಕ್ಕೆ ಬಾಗಿದ, ಅವನ ದನಿ ಮೊದಲು ನಡುಗಿ ಆಮೇಲೆ ಹೇಗೆ ಗಟ್ಟಿಯಾಯಿತು, ಆಗ ಮೇಡಂ ಮುಖ ಹೇಗಾಯಿತು... ಎದ್ದು ನಿಂತು ಮಾಡಿ ತೋರಿಸಿದೆ. ಮೊದಲಿಂದ ಮತ್ತೊಮ್ಮೆ ಹೇಳಿದೆ. ಅರ್ಧ ಗಂಟೆಯೇ ಆಗಿರಬೇಕು.

ಇವರು ಎಲ್ಲ ಕೇಳಿದರು. ಆಮೇಲೆ ಮೆಲ್ಲಗೆ, "ಆ ಹುಡುಗರದ್ದೆಲ್ಲ ಸರಿ ಕಣೇ... ನೀನು ಪಾಸಾ?"

ಅಯ್ಯೋ, ಅದನ್ನ ಹೇಳೇ ಇಲ್ಲವಾ ನಾನು —