ಡಬ್ಬಿಯೊಳಗಿನ ಚೀಟಿ

ಫೆಬ್ರವರಿ 3, ಸೋಮವಾರ

ನಮ್ಮ ಮಾತ್ರೆ ಫ್ಯಾಕ್ಟರಿಯ ಎರಡನೇ ಲೈನಿನಲ್ಲಿ, ಡಬ್ಬಿಗೆ ಬಳಕೆಯ ವಿವರದ ಚೀಟಿ ಹಾಕುವ ಮೆಷಿನ್ ಮತ್ತೆ ಕೆಟ್ಟಿತು. ಕೈಯಲ್ಲೇ ಹಾಕಿದೆವು — ಮಾತ್ರೆ, ಮಡಿಸಿದ ಚೀಟಿ, ಡಬ್ಬಿ. ಮಾತ್ರೆ, ಚೀಟಿ, ಡಬ್ಬಿ. ಊಟದ ಹೊತ್ತಿಗೆ ಬೆರಳು ಮರಗಟ್ಟಿತ್ತು. ಇರುವೆ ಗಾತ್ರದ ಆ ಅಕ್ಷರಗಳನ್ನು ಯಾವ ಪುಣ್ಯಾತ್ಮ ಓದುತ್ತಾನೋ! ನಾಲ್ಕು ವರ್ಷದಿಂದ ತುರುಕುತ್ತಿದ್ದೇನೆ, ನಾನೇ ಒಂದು ದಿನವೂ ಓದಿಲ್ಲ.

ರಿಪೇರಿಗೆ ಈರೇಶ್ ಬಂದ. ಮೇಂಟೆನೆನ್ಸ್‌ನವನು, ಪಾವಗಡದ ಕಡೆಯವನು. ಸೇರಿ ಹತ್ತು ತಿಂಗಳಾಯಿತು. ಒಳಗೆ ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಗೌನು, ಟೋಪಿ, ಮಾಸ್ಕು. ಮೇಂಟೆನೆನ್ಸ್‌ನವರ ಊಟದ ಬ್ಯಾಚೇ ಬೇರೆ. ವಾಟ್ಸಾಪಿನಲ್ಲಿ ಅವನದು ಬೈಕಿನ ಫೋಟೋ, ನನ್ನದು ದಾಸವಾಳ. ಹಾಗಾಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಕಣ್ಣು, ಧ್ವನಿ, ಅಷ್ಟೇ. ಅಷ್ಟಕ್ಕೇ ಮನಸ್ಸು ಹೋಗಿದೆ. ಇಲ್ಲಿ ಬರೆದುಕೊಳ್ಳಲು ಏನು ನಾಚಿಕೆ.

ಸ್ಕ್ರೂ ತಿರುಗಿಸುತ್ತಾ ಕೇಳಿದ. "ಮೇಡಂ, ಹತ್ತು ತಿಂಗ್ಳಿಂದ ಬರೀ ಕಣ್ಣು ನೋಡಿ ಮಾತಾಡ್ತಿದೀನಿ. ನಿಮ್ ನಗು ಮಾಸ್ಕ್ ಒಳಗೇ ಇಷ್ಟ್ ಚೆನ್ನಾಗೈತೆ. ಒಂದಿನ ಎದುರುಬದುರು ಕೂತು ಮಸಾಲೆ ದೋಸೆ ತಿನ್ನಾಣ್ವಾ? ಹದಿನಾರಕ್ಕೆ, ಭಾನುವಾರ, ಚಂದಾಪುರದಲ್ಲಿ?"

ಆಯ್ತು ಅಂದೆ. ಅಂದಮೇಲೆ ನನ್ನ ಹಲ್ಲು ನೆನಪಾಯಿತು.

ಫೆಬ್ರವರಿ 5

ಅಪ್ಪ ಕೊರೆಸಿದ ಬೋರಿನ ನೀರು ಕುಡಿದು ಬೆಳೆದವಳು ನಾನು. ಮುಂದಿನ ಆರು ಹಲ್ಲಿನ ಮೇಲೆ ಕಂದು ಪಟ್ಟೆ, ನಡುನಡುವೆ ಸುಣ್ಣದಂಥ ಬಿಳಿ ಮಚ್ಚೆ. ತಮ್ಮ ದೀಪು ಹುಟ್ಟುವಷ್ಟರಲ್ಲಿ ಮನೆಗೆ ಕ್ಯಾನ್ ನೀರು ಬಂದಿತ್ತು. ಅವನ ಹಲ್ಲು ಮಲ್ಲಿಗೆ ಮೊಗ್ಗು. ಶಾಲೆಯಲ್ಲಿ ನನ್ನನ್ನು ತುಕ್ಕು ಮಂಜಿ ಎನ್ನುತ್ತಿದ್ದರು. ಚಿಕ್ಕಂದಿನಿಂದಲೂ ಕೈ ಅಡ್ಡ ಇಟ್ಟುಕೊಂಡೇ ನಕ್ಕಿದ್ದೇನೆ. ಕೈ ಬಿಟ್ಟು ನಗುವುದು ಕಲಿತದ್ದು ಈ ಕೆಲಸಕ್ಕೆ ಸೇರಿ ಮಾಸ್ಕ್ ಹಾಕಿಕೊಂಡ ಮೇಲೆ. ಆ ನಗುವನ್ನೇ ಅವನು ಮೆಚ್ಚಿದ್ದು, ನೋಡು ಕರ್ಮ.

ಹಲ್ಲಿಗೆ ಅಂಟಿಸಿ ಬೆಳ್ಳಗೆ ಮಾಡಿಕೊಳ್ಳುವ ಸ್ಟ್ರಿಪ್ ಆರ್ಡರ್ ಮಾಡಿದ್ದೆ, ಇವತ್ತು ಬಂತು. ಅಮ್ಮನಿಗೆ ಕ್ರೀಮು ಎಂದೆ. ದಿನಕ್ಕೊಂದು, ಅರ್ಧ ಗಂಟೆ, ಹದಿನಾಲ್ಕು ದಿನ ಎಂದು ಡಬ್ಬಿಯ ಮೇಲಿದೆ. ನನಗಿರುವುದು ಹನ್ನೊಂದು ದಿನ. ಒಳಗಿದ್ದ ಚೀಟಿಯನ್ನು ಬಿಚ್ಚದೆ ಕಸಕ್ಕೆ ಹಾಕಿದೆ.

ಫೆಬ್ರವರಿ 8

ನಾಲ್ಕನೆಯದು. ಅಂಟಂಟು, ಜೊಲ್ಲು ಸುರಿಯುತ್ತದೆ. ತಣ್ಣೀರು ಕುಡಿದರೆ ಹಲ್ಲಿನೊಳಗೆ ಜುಂ ಎನ್ನುತ್ತದೆ. ಇರಲಿ. ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಫೆಬ್ರವರಿ 10, ಸೋಮವಾರ

ಕೆಲಸವೇನೋ ಮಾಡಿದೆ. ಬೆಳ್ಳಗಿದ್ದ ಜಾಗ ಇನ್ನಷ್ಟು ಬೆಳ್ಳಗಾಗಿದೆ. ಕಂದು ಮಾತ್ರ ಅಲ್ಲಾಡಿಲ್ಲ. ಮೊದಲಿಗಿಂತ ಎದ್ದು ಕಾಣುತ್ತಿದೆ.

ಸಾಲದೇನೋ. ಇವತ್ತಿನಿಂದ ದಿನಕ್ಕೆ ಎರಡು, ಒಂದೊಂದು ಗಂಟೆ.

ಫೆಬ್ರವರಿ 13

ಒಸಡು ಅಲ್ಲಲ್ಲಿ ಬೆಳ್ಳಗೆ ಬೆಂದ ಹಾಗಾಗಿದೆ. ಸಾರು ಬಾಯಿಗಿಟ್ಟ ತಕ್ಷಣ ಕಿರುಚಿದೆ. ಅಮ್ಮ ಗಲ್ಲ ಹಿಡಿದು ಬಾಯಿ ತೆರೆಸಿಯೇಬಿಟ್ಟಳು.

"ಇದ್ಯಾಕವ್ವಾ ಇಂಗ್ ಸುಟ್ಕೊಂಡಿದೀಯಾ?"

ಹೇಳಿಬಿಟ್ಟೆ. ಈರೇಶನ ವಿಷಯವೂ. ಬೈಯುತ್ತಾಳೆ ಎಂದುಕೊಂಡೆ. ಒಲೆ ಆರಿಸಿ ನೆಲದ ಮೇಲೆ ಕುಳಿತಳು. "ಬೋರಲ್ಲಿ ನೀರ್ ಬಿದ್ ದಿನ ನಿಮ್ಮಪ್ಪ ಬೀದಿಗೆಲ್ಲ ಪಾನಕ ಅಂಚ್ದ. ನಾನೇ ಕೈಯಾರೆ ನಿಂಗೆ ಆ ನೀರ್ ಕುಡ್ಸಿದ್ನಲ್ಲವ್ವಾ…"

ಅವಳನ್ನು ಸಮಾಧಾನ ಮಾಡುವುದೇ ನನ್ನ ಕೆಲಸವಾಯಿತು.

ಫೆಬ್ರವರಿ 14, ಶುಕ್ರವಾರ

ನನ್ನ ಪಕ್ಕದಲ್ಲೇ ಕೆಲಸ ಮಾಡುವ ರಾಣಿ ಎಳೆದುಕೊಂಡು ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿದಳು.

"ಈ ಸ್ಟ್ರಿಪ್ ಕಾಫಿ, ಟೀ ಕಲೆಗೆ ಇರೋದಮ್ಮ. ಹೇಳಿದಷ್ಟು ಹೊತ್ತು ಇಟ್ಟಿದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ. ನಿಮ್ದು ಹಲ್ಲು ಮೂಡೋ ಮುಂಚೇನೇ ಒಳಗೆ ಕೂತಿರೋ ಫ್ಲೋರೈಡ್ ಕಲೆ. ಸ್ಟ್ರಿಪ್‌ಗೆ ಹೋಗಲ್ಲ. ಬೇರೆ ಟ್ರೀಟ್‌ಮೆಂಟ್ ಇದೆ, ಮೊದ್ಲು ಒಸಡು ವಾಸಿಯಾಗ್ಲಿ. ಒಳಗಡೆ ಚೀಟಿ ಇತ್ತಲ್ಲ, ಓದ್ಲಿಲ್ವಾ?"

ರಾಣಿ ನನ್ನ ಮುಖ ನೋಡಿದಳು, ನಾನು ಅವಳ ಮುಖ. ದಿನವಿಡೀ ಚೀಟಿ ಹಾಕುವವರು ನಾವು.

ಫೆಬ್ರವರಿ 16, ಭಾನುವಾರ

ಹಸಿರು ಚೂಡಿದಾರ ಹಾಕಿಕೊಂಡೆ. ಬಸ್‌ಸ್ಟಾಪಿನವರೆಗೂ ಹೋದೆ. ಮೂರು ಬಸ್ಸು ಹೋದವು.

ಜ್ವರ ಎಂದು ಮೆಸೇಜ್ ಹಾಕಿದೆ. "ಹುಷಾರು ಮೇಡಂ. ಇನ್ನೊಂದಿನ ತಿನ್ನಾಣ" ಎಂದ. ಮನೆಗೆ ಬಂದು ದಿಂಬಿಗೆ ಮುಖ ಒತ್ತಿ ಅತ್ತೆ.

ಫೆಬ್ರವರಿ 24

ಮತ್ತೆ ಕೇಳಿದ. ಭಾನುವಾರ ಕೆಲಸವಿದೆ ಎಂದೆ. ಅದರ ಮುಂದಿನ ಭಾನುವಾರ? ಅಂದ. ಆವತ್ತೂ ಇದೆ ಎಂದೆ. "ಗೊತ್ತಾಯ್ತು ಬಿಡಿ ಮೇಡಂ" ಎಂದು ಟೂಲ್ ಬ್ಯಾಗ್ ಎತ್ತಿಕೊಂಡು ಹೋದ.

ಏನು ಗೊತ್ತಾಯಿತು ಅವನಿಗೆ?

ಮಾರ್ಚ್ 14, ಶುಕ್ರವಾರ

ಈರೇಶ್ ಕೆಲಸ ಬಿಟ್ಟ. ಹೈದರಾಬಾದಿನ ಕಂಪನಿಗಂತೆ. ಇವತ್ತು ಗೇಟಿನ ಹೊರಗೆ ಮೇಂಟೆನೆನ್ಸ್‌ನವರೆಲ್ಲ ಕೇಕ್ ಕತ್ತರಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದಾರೆ. ನಡುವೆ ಅವನು. ಆ ಕಣ್ಣು ಕಂಡ ತಕ್ಷಣ ಗುರುತು ಸಿಕ್ಕಿತು. ಕೆನ್ನೆಯ ಮೇಲೆ ಕೆನೆ, ಬಾಯಿ ತುಂಬಾ ನಗು.

ಹಲ್ಲಿನ ಮೇಲೆ ಕಂದು ಪಟ್ಟೆ. ನನ್ನವೇ ಹಲ್ಲು.

ಲಾಕರ್ ರೂಮಿನಲ್ಲಿ ಕುಳಿತು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ರಾಣಿ ಬಂದಳು. ಬೆಳಿಗ್ಗೆ ಅವನು ಅವಳ ಹತ್ತಿರ ಮಾತಾಡಿದನಂತೆ. "ಮಂಜುಶ್ರೀ ಮೇಡಂ ಎಲ್ಲೋ ನನ್ ಹಲ್ಲು ನೋಡ್ಬಿಟ್ಟಿರ್ಬೇಕು. ಅದಕ್ಕೇ ಬೇಡ ಅಂದ್ರು. ತಪ್ಪೇನಿಲ್ಲ ಬಿಡಿ, ನಮ್ಮೂರ ನೀರೇ ಅಂಗೆ."

"ಈಗ್ಲೇ ಫೋನ್ ಮಾಡೇ" ಎಂದು ರಾಣಿ ಬೈದಳು. ಪಾವಗಡ ಎಂದು ಹತ್ತು ತಿಂಗಳು ಕೇಳಿಸಿಕೊಂಡೆ. ಅಲ್ಲಿಯ ನೀರು ಎಂಥದ್ದು ಎಂದು ನನಗೆ ಗೊತ್ತಿಲ್ಲವೇ? ನನ್ನ ಹಲ್ಲಿನ ಚಿಂತೆಯಲ್ಲೇ ಮುಳುಗಿದ್ದವಳಿಗೆ ಅವನ ಬಾಯಿಯಲ್ಲೂ ಹಲ್ಲಿದೆ ಎಂದು ಹೊಳೆಯಲಿಲ್ಲ. ದಡ್ಡಿ. ಶುದ್ಧ ದಡ್ಡಿ.

ಮಾರ್ಚ್ 16

ಹಿತ್ತಲ ಬೆಳಕಿನಲ್ಲಿ ನಿಂತು ಹಲ್ಲು ಬಿಟ್ಟು ನಕ್ಕು ಫೋಟೋ ತೆಗೆದುಕೊಂಡೆ. ಹುಟ್ಟಿದಾಗಿನಿಂದ ಇದೇ ಮೊದಲು. ಇದೊಂದನ್ನು ಕಳಿಸಿದರೆ ಸಾಕು, ಅವನಿಗೆ ಎಲ್ಲಾ ಅರ್ಥವಾಗುತ್ತದೆ.

ಕಳಿಸುವ ಗುಂಡಿಯ ಮೇಲೆ ಬೆರಳು ಇಟ್ಟೆ. ನಾಳೆ ಕಳಿಸುತ್ತೇನೆ.

ಏಪ್ರಿಲ್ 13, ಭಾನುವಾರ

ಕಳಿಸಿದೆ. ಬೆಳಿಗ್ಗೆ ಹತ್ತಕ್ಕೆ. ಕೆಳಗೆ ಬರೆದೆ — ನಾನು ಬರದಿದ್ದದ್ದು ನಿಮ್ಮ ಹಲ್ಲು ನೋಡಿ ಅಲ್ಲ, ನನ್ನ ಹಲ್ಲಿಗೆ ನಾಚಿ.

ಅಮ್ಮ ದೋಸೆ ಹಾಕಿದ್ದಳು. ಫೋನ್ ನೋಡುತ್ತಾ ಕೂತೆ, ದೋಸೆ ತಣ್ಣಗಾಯಿತು. ಸಂಜೆಯಾದರೂ ನೋಡಿಲ್ಲ ಅವನು.

ಏಪ್ರಿಲ್ 14

ಉತ್ತರ ಬಂತು. ಇದ್ದ ಹಾಗೇ ಇಲ್ಲಿ ಬರೆದಿಡುತ್ತೇನೆ.

"ಮೇಡಂ, ನೀವೂ ನಮ್ ಥರಾನೇನಾ! ಗೊತ್ತೇ ಇರ್ಲಿಲ್ಲ. ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ. ಆರನೇ ತಾರೀಕು ಭಾನುವಾರ ನಂದು ನಿಶ್ಚಿತಾರ್ಥ ಆಯ್ತು. ನಿಮ್ ವಿಷ್ಯದಲ್ಲಿ ಮೊದ್ಲೇ ಮುಖ ತೋರಿಸ್ದೆ ತಪ್ ಮಾಡ್ದೆ ಅನ್ಸಿತ್ತು. ಅದಕ್ಕೇ ಈ ಸಲ ಹುಡುಗಿ ಮುಂದೆ ಕೂತ ತಕ್ಷಣ ಬಾಯ್ತುಂಬ ನಕ್ಕು ತೋರಿಸ್ಬಿಟ್ಟೆ. ಅವ್ಳೂ ನಕ್ಬಿಟ್ಲು."

ಆರನೇ ತಾರೀಕು. ಎಂಟು ದಿನ. ಫೋಟೋ ನನ್ನ ಫೋನಿನಲ್ಲಿ ಇದ್ದದ್ದು ಇಪ್ಪತ್ತೆಂಟು ದಿನ.

ಏಪ್ರಿಲ್ 15, ಮಂಗಳವಾರ

ಶುಭವಾಗಲಿ ಎಂದು ಬರೆದೆ, ಅಳಿಸಿದೆ. ಮತ್ತೆ ಬರೆದು ಕಳಿಸಿದೆ. ಒಂದು ಹೂವೂ ಹಾಕಿದೆ.

ಬೆಳಗಿನ ಶಿಫ್ಟು. ಮೆಷಿನ್ ಸರಿಯಾಗಿದೆ, ಚೀಟಿ ತಾನೇ ಬೀಳುತ್ತದೆ. ನನ್ನನ್ನು ನಗಿಸಬೇಕೆಂದು ರಾಣಿ ಸೂಪರ್‌ವೈಸರ್ ನಡೆಯುವ ಹಾಗೆ ನಡೆದು ತೋರಿಸಿದಳು. ನಗು ಬಂತು. ಮಾಸ್ಕ್ ಇತ್ತು, ಯಾರಿಗೂ ಏನೂ ಕಾಣುತ್ತಿರಲಿಲ್ಲ, ಆದರೂ ಕೈ ತಾನಾಗಿ ಬಾಯಿಗೆ ಅಡ್ಡ ಬಂತು.