ಮಹಾಲಯದ ದಿನ ಓದದೆ ಬಿಟ್ಟ ಎರಡು ಹೆಸರುಗಳು

ಮಾನ್ಯ ಧಾರ್ಮಿಕ ಸಮಿತಿಯ ಅಧ್ಯಕ್ಷರೇ,

ಕಳೆದ ವರ್ಷ, ಅಂದರೆ 2024ರ ಮಹಾಲಯ ಅಮಾವಾಸ್ಯೆಯಂದು, ನಮ್ಮ ದೇವಸ್ಥಾನದಲ್ಲಿ ಓದಬೇಕಾಗಿದ್ದ ಎರಡು ಹೆಸರುಗಳನ್ನು ನೀವು ಓದಿಸಲಿಲ್ಲ. ಮೈಕಿನ ಮುಂದೆ ನಿಂತಿದ್ದವಳು ನಾನು; ನಾನೂ ಓದಲಿಲ್ಲ. ಹಾಗಾಗಿ ಈ ಪತ್ರ ನಿಮ್ಮ ಹೆಸರಿಗಿದ್ದರೂ ಇದರಲ್ಲಿರುವ ಬೈಗುಳದ ಅರ್ಧ ಪಾಲು ನನಗೇ ಸೇರಬೇಕು. ಸಮಿತಿಗೆ ಇಮೇಲ್ ಕಳಿಸಿದ್ದರೆ ‘ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತಿತ್ತು. ಅಂಥ ಉತ್ತರಗಳನ್ನು ನಿಮ್ಮ ಪರವಾಗಿ ಬರೆಯುವವಳೂ ನಾನೇ ಆದ್ದರಿಂದ, ಎಲ್ಲರೂ ಓದಲಿ ಎಂದು ಇದನ್ನು ಕನ್ನಡ ಕೂಟದ ಪತ್ರಿಕೆಗೆ ಕೊಡುತ್ತಿದ್ದೇನೆ.

ಈ ಹೆಸರು ಓದುವ ಪದ್ಧತಿ ಹೇಗೆ ಶುರುವಾಯಿತೆಂದು ನೀವು ಮರೆತಿರಲಾರಿರಿ. 2020ರಲ್ಲಿ ವಿಮಾನಗಳು ನಿಂತಿದ್ದವು. ಮೈಸೂರಿನಲ್ಲಿ ಅಪ್ಪ ತೀರಿಕೊಂಡಾಗ ನಾನು ಇಲ್ಲಿ ಎಲಿಕಾಟ್ ಸಿಟಿಯ ಅಡುಗೆಮನೆಯಲ್ಲಿ ಫೋನ್ ಹಿಡಿದುಕೊಂಡು ಅವರ ಚಿತೆ ನೋಡಿದೆ. ನನ್ನಂಥವರು ಮೇರಿಲ್ಯಾಂಡ್ ತುಂಬ ಇದ್ದರು. ಆಗ ನೀವೇ, ತಮ್ಮ ಸತ್ತವರ ಹತ್ತಿರ ಹೋಗಲಾಗದವರಿಗಾಗಿ ಸಾಮೂಹಿಕ ತರ್ಪಣದ ಕೊನೆಯಲ್ಲಿ ಹೆಸರುಗಳನ್ನು ಗಟ್ಟಿಯಾಗಿ ಓದೋಣ ಎಂದಿರಿ. ಅಪ್ಪನ ಹೆಸರು ಮೈಕಿನಲ್ಲಿ ಕೇಳಿದಾಗಲೇ ನನಗೆ ಅಳು ಬಂದದ್ದು. ಆ ಉಪಕಾರವನ್ನು ನಾನು ಮರೆತಿಲ್ಲ. ಸಿಟ್ಟು ಬಂದಿರುವುದೂ ಅದಕ್ಕೇ.

ಸರೋಜಿನಿ ಗೋವೆಂಡರ್ ನಿಮಗೆ ಗೊತ್ತು. ಪ್ರತಿ ಶುಕ್ರವಾರ ಮಂಟಪದ ಕಂಬಕ್ಕೆ ಒರಗಿ ಹೂ ಕಟ್ಟುತ್ತಿದ್ದ, ‘ಇಂಡಿಯಾದಲ್ಲಿ ಯಾವೂರು’ ಎಂದರೆ ‘ಡರ್ಬನ್’ ಎಂದು ನಗುತ್ತಿದ್ದ ಮುದುಕಿ. ಅವರ ಮುತ್ತಜ್ಜನನ್ನು ಕಬ್ಬಿನ ಗದ್ದೆಯ ಕೂಲಿಗೆಂದು ಮದರಾಸಿನಿಂದ ದಕ್ಷಿಣ ಆಫ್ರಿಕಾಕ್ಕೆ ಸಾಗಿಸಿದ್ದರಂತೆ. ವರ್ಣಭೇದದ ಸರ್ಕಾರ ಇನ್ನೂ ಇದ್ದಾಗ ಅವರ ತಮ್ಮ ದೇವನ್ ಮತ್ತು ಅವನ ಆಫ್ರಿಕನ್ ಗೆಳೆಯ ಸಿಫೊ ಒಂದೇ ಕಾರ್ಖಾನೆಯಲ್ಲಿ ಕೂಲಿಗಾರರ ಸಂಘ ಕಟ್ಟಿದರು. ಒಂದು ಸಂಜೆ ಹೋದವರು ತಿರುಗಿ ಬರಲಿಲ್ಲ. ಗಡಿ ದಾಟಿ ಓಡಿಹೋಗಿದ್ದಾರೆ ಎಂದರು ಪೊಲೀಸರು. ತಾಯಿ ಅದನ್ನೇ ನಂಬಿದರು, ಬದುಕಿರುವ ಮಗನಿಗೆ ಯಾರಾದರೂ ತಿಥಿ ಮಾಡುತ್ತಾರೆಯೇ ಎಂದು ಮನೆಯಲ್ಲಿ ಯಾವ ಕ್ರಿಯೆಯೂ ಆಗಗೊಡಲಿಲ್ಲ, ಹಾಗೇ ಕಾಯುತ್ತಾ ಸತ್ತರು. ಆ ಸರ್ಕಾರ ಹೋದ ಮೇಲೆ ಕ್ಷಮಾದಾನ ಬೇಡಲು ಸತ್ಯಶೋಧನೆಯ ಆಯೋಗದ ಮುಂದೆ ಬಂದ ಪೊಲೀಸನೊಬ್ಬ ನಿಜ ಹೇಳಿದ: ಇಬ್ಬರನ್ನೂ ಗುಂಡಿಟ್ಟು ಕೊಂದು, ಒಂದೇ ಬೆಂಕಿಯಲ್ಲಿ ಸುಟ್ಟು, ಬೂದಿಯನ್ನು ಹೊಳೆಗೆ ಸುರಿದೆವು, ಮೇಲಿನವರ ಆರ್ಡರ್ ಇತ್ತು, ತಾರೀಖು ನೆನಪಿಲ್ಲ.

ಈ ಕಥೆಯನ್ನೆಲ್ಲ ಸರೋಜಿನಿ ಅವರು ನೋಂದಣಿಯ ಮೇಜಿನ ಮುಂದೆ ನಿಂತು ಹೇಳಿದರು. ಎರಡೂ ಹೆಸರು ಓದಿ ಎಂದಷ್ಟೇ ಅವರ ಕೋರಿಕೆ. ನೀವು ನನ್ನನ್ನು ಪಕ್ಕಕ್ಕೆ ಕರೆದಿರಿ.

“ತಮ್ಮನ ಹೆಸರು ಓಕೆ ಕಾತ್ಯಾಯಿನಿ, ಗೋತ್ರ ಗೊತ್ತಿಲ್ಲದಿದ್ರೆ ಕಾಶ್ಯಪ ಅಂತ ಹಾಕ್ಬಿಡಿ. ಆ ಇನ್ನೊಂದು ಹೆಸರು ಬೇಡ. ಅವ್ರು ನಮ್ಮವರಲ್ಲ, ಮೇಲಾಗಿ ಪೊಲಿಟಿಕಲ್ ಆಗತ್ತೆ. ನೀವೇ ಹೇಳ್ಬಿಡಿ, ನಿಮ್ಮ ಮಾತು ಸಾಫ್ಟು.”

ಹೇಳಿದೆ. ಬಹಳ ಸಾಫ್ಟಾಗಿ ಹೇಳಿದೆ. ಅವರ ಕೈ ಹಿಡಿದುಕೊಂಡು, ಕೊನೆಯಲ್ಲಿ ‘ಪ್ರಸಾದ ತಗೊಂಡು ಹೋಗಿ’ ಎಂದೂ ಸೇರಿಸಿದೆ. ಅವರು ಕೈ ಬಿಡಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದ ಮಾತು ಇಷ್ಟು: “ಅವರ ಬೂದಿಯನ್ನು ಬೇರೆ ಮಾಡಲು ನನ್ನಿಂದಾಗಲಿಲ್ಲ, ಹೆಸರನ್ನು ಹೇಗೆ ಬೇರೆ ಮಾಡಲಿ? ಎರಡನ್ನೂ ಬಿಟ್ಟುಬಿಡಿ.” ಅಂದಿನಿಂದ ಶುಕ್ರವಾರದ ಹೂವನ್ನು ಅಂಗಡಿಯಿಂದ ತರಿಸುತ್ತಿದ್ದೇವೆ.

ಅಧ್ಯಕ್ಷರೇ, ನಮ್ಮವರು ಯಾರು, ಅಲ್ಲದವರು ಯಾರು ಎಂದು ವಿಂಗಡಿಸುವುದೇ ಅಲ್ಲವೇ ಆ ದೇಶದ ಕಾನೂನಾಗಿದ್ದುದು? ಯಾರು ಯಾವ ಬೀದಿಯಲ್ಲಿರಬೇಕು, ಯಾವ ಬೆಂಚಿನ ಮೇಲೆ ಕೂರಬೇಕು ಎಂದು ಅವರು ಬಂದೂಕು ಹಿಡಿದು ವಿಂಗಡಿಸಿದರು. ನಾವು ಕುಂಕುಮದ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಅದೇ ಕೆಲಸ ಮಾಡಿದೆವು. ಶಾಸ್ತ್ರ ಒಪ್ಪುವುದಿಲ್ಲ ಎನ್ನುವಿರಾ? ಪಕ್ಷಮಾಸದ ಚತುರ್ದಶಿಯನ್ನು ಆಯುಧದಿಂದ ಸತ್ತವರಿಗೆಂದೇ ಇಟ್ಟಿದ್ದಾರೆ. ಆಯುಧ ಹಿಡಿದವನು ಸರ್ಕಾರದವನಾಗಿದ್ದರೆ ಸಲ್ಲದು ಎಂದು ಯಾವ ಪಂಚಾಂಗದಲ್ಲೂ ನಾನು ಕಂಡಿಲ್ಲ. ತರ್ಪಣದ ಕೊನೆಗೆ, ತಾಯಿಯಿಲ್ಲದ, ತಂದೆಯಿಲ್ಲದ, ಬಂಧುವಿಲ್ಲದ, ಗೋತ್ರವಿಲ್ಲದ ಎಲ್ಲರಿಗೂ ಇದು ಸೇರಲಿ ಎಂದು ನೀರು ಬಿಡುತ್ತೇವೆ. ಅದರ ಅರ್ಥವನ್ನು ಅಪ್ಪ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಅಂದರೆ ಆ ಬೆಳಿಗ್ಗೆ ಸಭಾಂಗಣದಲ್ಲಿ ಕುಳಿತಿದ್ದ ಅಷ್ಟೂ ಜನ ಸಿಫೊಗೆ ನೀರು ಕೊಟ್ಟಾಗಿತ್ತು. ಹೆಸರು ಹೇಳುವುದಕ್ಕೆ ಮಾತ್ರ ನಮಗೆ ಜಿಪುಣತನ. ಇದೆಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ನಿಮ್ಮ ಮುಂದೆ ಒಳ್ಳೆಯವಳಾಗಿ ಉಳಿಯಬೇಕಿತ್ತು, ಅಷ್ಟೇ.

ಆ ಸಲ ಅಮಾವಾಸ್ಯೆ ಅಕ್ಟೋಬರ್ ಎರಡಕ್ಕೇ ಬಂದಿತ್ತು. ಸಂಜೆ ಅದೇ ಸಭಾಂಗಣದಲ್ಲಿ, ಅದೇ ಮೈಕಿನಲ್ಲಿ ನಿಮ್ಮ ಗಾಂಧಿ ಜಯಂತಿಯ ಭಾಷಣ. ದಕ್ಷಿಣ ಆಫ್ರಿಕಾದಲ್ಲಿ ರೈಲಿನಿಂದ ತಳ್ಳಿಸಿಕೊಂಡ ಯುವಕ ವಕೀಲನ ಪ್ರಸಂಗವನ್ನು ನೀವು ಕಣ್ಣೀರು ತರಿಸುವಂತೆ ಹೇಳಿದಿರಿ. ಅದು ಪೊಲಿಟಿಕಲ್ ಆಗಲಿಲ್ಲವೇ? ಅನ್ಯಾಯಕ್ಕೆ ನೂರು ವರ್ಷ ತುಂಬಿದ ಮೇಲೆ ದೇವಸ್ಥಾನದೊಳಗೆ ಪ್ರವೇಶವೆಂದು ಸಮಿತಿಯಲ್ಲಿ ನಿರ್ಣಯವಾಗಿದೆಯೇ? ಕೇಳಬೇಕಾಗಿದ್ದ ನಾನು ಹಿಂದುಗಡೆ ನಿಂತು ಕೇಸರಿಭಾತ್ ಬಡಿಸುತ್ತಿದ್ದೆ.

ಮನೆಗೆ ಡ್ರೈವ್ ಮಾಡುವಾಗ ಮಗಳು ಅಕ್ಷಯಾಗೆ ನಡೆದದ್ದನ್ನು ಹೇಳಿದೆ. ಅವಳು ಕೇಳಿದಳು, “ಅಮ್ಮಾ, ನಿಂಗೆ ಗೊತ್ತಿತ್ತಲ್ವಾ? ದೆನ್ ವೈ ಡಿಡಂಟ್ ಯು ಸೇ ಸಮ್‌ಥಿಂಗ್?”

“ಕಮಿಟಿ ಡಿಸೈಡ್ ಮಾಡಿದ್ದು ಕಣೇ,” ಎಂದೆ. ಅಂದ ತಕ್ಷಣ ಆ ಪೊಲೀಸನ ‘ಮೇಲಿನವರ ಆರ್ಡರ್’ ಎಂಬ ಮಾತು ನೆನಪಾಯಿತು. ನಾವು ಕೊಲೆಗಡುಕರೆಂದು ನಾನು ಹೇಳುತ್ತಿಲ್ಲ. ಆದರೆ ನನ್ನ ಉತ್ತರಕ್ಕೂ ಅವನ ಉತ್ತರಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಕ್ಷಮೆ ಕೇಳಲು ನನಗೆ ಹತ್ತಿರಹತ್ತಿರ ಒಂದು ವರ್ಷ ಬೇಕಾಯಿತು. ಹೋದ ಭಾನುವಾರ ಸರೋಜಿನಿ ಅವರ ಮನೆಗೆ ಹೋದೆ. ಟೀ ಕೊಟ್ಟರು, ನನ್ನ ಕ್ಷಮೆಯ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಪರವಾಗಿಲ್ಲ ಎನ್ನಲಿಲ್ಲ. ಅಂದು ನಿಮ್ಮ ತಂದೆಯ ಹೆಸರು ಓದಿದಿರಾ ಎಂದು ಕೇಳಿದರು. ಓದಿದೆ ಎಂದೆ. ಓದಿದಾಗ ಹೇಗನಿಸಿತು ಎಂದರು. ಸುಳ್ಳು ಹೇಳಲಾಗದೆ, ಸಮಾಧಾನವಾಯಿತು ಎಂದೆ.

“ನನಗೂ ಅಷ್ಟೇ ಬೇಕಾಗಿತ್ತು,” ಎಂದರು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಬರುವ ಮಹಾಲಯದಂದು ದೇವನ್ ಮತ್ತು ಸಿಫೊ ಇಬ್ಬರ ಹೆಸರನ್ನೂ ಒಟ್ಟಿಗೆ ಓದಬೇಕು, ಅವರನ್ನು ಕೊಂದದ್ದು ಯಾರೆಂಬುದನ್ನೂ ಹೇಳಬೇಕು. ಸರೋಜಿನಿ ಅವರನ್ನು ಕರೆಯಲು ನೀವೇ ಅವರ ಮನೆಗೆ ಹೋಗಬೇಕು; ಈ ಸಲ ನನ್ನನ್ನು ಕಳಿಸಬೇಡಿ. ಆಗದು ಎನ್ನುವುದಾದರೆ ನನ್ನ ಅಪ್ಪನ ಹೆಸರನ್ನೂ ಓದಬೇಡಿ. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ, ಬರುವವರಿಗೆಲ್ಲ ಕೇಳಿಸುವಂತೆ, ಮೂವರ ಹೆಸರನ್ನೂ ನಾನೇ ಓದುತ್ತೇನೆ. ಮೈಕ್ ಬೇಕಾಗಿಲ್ಲ.

ಇಂತಿ,
ಮಾತು ಸಾಫ್ಟೆಂದು ನೀವು ಆರಿಸಿ ಕಳಿಸಿದ, ಹೇಳಿದಂತೆ ಹೋಗಿಯೂ ಬಂದ,
ಕಾತ್ಯಾಯಿನಿ
ಎಲಿಕಾಟ್ ಸಿಟಿ, ಮೇರಿಲ್ಯಾಂಡ್