ಸಾಕ್ಷಿಗೊಂದು ತಾರೀಖು

9 ಜನವರಿ 1998, ಶುಕ್ರವಾರ

ಎಂಟೂವರೆ ಬಸ್ಸು ಇವತ್ತೂ ತಪ್ಪಿತು. ಭದ್ರಾವತಿಯಿಂದ ಕಾಲೇಜಿಗೆ ನಿಂತೇ ಬಂದೆ. ಮಲವಗೊಪ್ಪದಲ್ಲಿ ನಮ್ಮ ಕ್ಲಾಸಿನ ಧನಲಕ್ಷ್ಮಿ ಹತ್ತಿದಳು. ನನಗಾಗಿ ಒಂದು ಬಸ್ಸು ಬಿಟ್ಟಳಂತೆ. ಸುಳ್ಳಿ. ಕೆಮಿಸ್ಟ್ರಿ ರೆಕಾರ್ಡು ಬರೆದು ಮುಗಿಸಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಪ್ರೇಯರ್ ಸೆಲ್. ವಿದ್ಯಾನಗರದಲ್ಲಿ, ಅದನ್ನು ನಡೆಸುವ ಆನಂದಣ್ಣನ ಮಹಡಿ ರೂಮು. ಹನ್ನೆರಡು ಸ್ಟೂಡೆಂಟ್ಸು, ಒಂದು ಗಿಟಾರು, ಒಂದು ತಟ್ಟೆ ಬಿಸ್ಕತ್ತು. ಇವತ್ತು ಫೈನಲ್ ಇಯರ್ ಪ್ರಕಾಶನ ಸಾಕ್ಷಿ. ಯಾವತ್ತು, ಹೇಗೆ ಯೇಸುವನ್ನು ನಂಬಿದೆ ಅಂತ ಎಲ್ಲರ ಮುಂದೆ ಎದ್ದು ಹೇಳುವುದು. ಅವನದು 1995 ಮೇ 14, ಸಂಜೆ ಏಳೂಕಾಲು. ಏಳೂಕಾಲು! ಅಳುವಾಗ ಗಡಿಯಾರ ನೋಡಿಕೊಂಡನೇ?

ಎಲ್ಲರ ಹತ್ತಿರವೂ ಒಂದು ತಾರೀಖು ಇದೆ. ನನ್ನ ಹತ್ತಿರ ಇಲ್ಲ. ನೆನಪಿದ್ದಾಗಿನಿಂದ ಚರ್ಚು, ಸಂಡೇ ಸ್ಕೂಲು, ಊಟಕ್ಕೆ ಮುಂಚೆ ಪ್ರಾರ್ಥನೆ. ಯಾವತ್ತು ಶುರುವಾಯಿತು ಅಂದರೆ ಏನು ಹೇಳಲಿ?

"ಮೇಬಲ್, ಇಪ್ಪತ್ಮೂರಕ್ಕೆ ನಿಂದು. ರೆಡಿ ಮಾಡ್ಕೊ," ಅಂದರು ಆನಂದಣ್ಣ.

11 ಜನವರಿ, ಭಾನುವಾರ

ವಿಚಾರಣೆ ನಡೆಸಿದೆ.

ಅಪ್ಪ: "ಶಿಫ್ಟಿಗೆ ಹೊತ್ತಾಯ್ತು ಮಾರಾಯ್ತಿ, ನಾಳೆ ಕೇಳು."

ಅಜ್ಜಿ, ಅಕ್ಕಿ ಆರಿಸುತ್ತಾ: "ನನ್ನ ಮದ್ವೆ ತಾರೀಖೇ ನಂಗೊತ್ತಿಲ್ಲ. ಇದೊಂದು ಬೇರೆ ಬೇಕಾ?"

ಚರ್ಚಿನ ಅಯ್ಯನವರು: ಬೆಳಗಾಗಿದ್ದು ಯಾವ ನಿಮಿಷಕ್ಕೆ ಅಂತ ಯಾರಿಗೆ ಗೊತ್ತು, ಬೆಳಕಿದೆಯಲ್ಲ, ಸಾಕು. ಚೆನ್ನಾಗಿಯೇ ಹೇಳಿದರು. ಆದರೆ ಅದನ್ನು ಪ್ರೇಯರ್ ಸೆಲ್ಲಿನಲ್ಲಿ ಹೇಳಿದರೆ ಅರ್ಧ ನಿಮಿಷಕ್ಕೆ ಮುಗಿದುಹೋಗುತ್ತದೆ.

17 ಜನವರಿ, ಶನಿವಾರ

ಪ್ರಯೋಗ. ಹಿತ್ತಿಲ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಹದಿನೈದು ನಿಮಿಷ ಕೂತೆ. ಏನಾದರೂ ಆಗಲಿ ಅಂತ. ಏನೂ ಆಗಲಿಲ್ಲ. ಪಕ್ಕದ ಮನೆಯ ಒಗ್ಗರಣೆಗೆ ಸೀನು ಬಂತು.

ದೇವರ ಬಗ್ಗೆ ಅನುಮಾನವಿಲ್ಲ. ಅಮ್ಮ ಒಳಗೆ ಅಡುಗೆ ಮಾಡುತ್ತಿದ್ದಾಳೆ ಅನ್ನುವಷ್ಟೇ ಖಾತ್ರಿ. ಹೊರಗೆ ಕೂತವಳು ಪದೇ ಪದೇ ಎದ್ದು ಹೋಗಿ ನೋಡುತ್ತಾಳೆಯೇ? ಆದರೆ ಇದಕ್ಕೆ ಯಾರೂ ಹಲ್ಲೆಲೂಯ ಅನ್ನುವುದಿಲ್ಲ...

23 ಜನವರಿ, ಶುಕ್ರವಾರ

ಹೇಳಿಬಿಟ್ಟೆ.

ಇದ್ದದ್ದನ್ನು ಇಲ್ಲಾದರೂ ಬರೆಯುತ್ತೇನೆ. ಚಿಕ್ಕವಳಿದ್ದಾಗ ಫಿಟ್ಸ್ ಬರುತ್ತಿತ್ತು. ಎರಡು ವರ್ಷ ಮಾತ್ರೆ ನುಂಗಿದೆ. ನಿಂತಿತು. ನಿಜ ಇಷ್ಟೇ. ನಾನು ಹೇಳಿದ್ದು: 1992 ಆಗಸ್ಟ್ 12, ಏಳನೇ ಕ್ಲಾಸು, ಮಾತ್ರೆಯನ್ನು ಪಕ್ಕಕ್ಕಿಟ್ಟು ಮಂಡಿಯೂರಿದೆ, "ಇನ್ನು ನೀನೇ ನೋಡ್ಕೊ ಸ್ವಾಮಿ" ಅಂದೆ, ಅಂದಿನಿಂದ ಒಂದು ಸಲವೂ ಬಂದಿಲ್ಲ. ಹನ್ನೆರಡು-ಎಂಟು ಯಾಕೆಂದರೆ ನನ್ನ ಲೈಬ್ರರಿ ಕಾರ್ಡಿನ ನಂಬರು 128. ಮರೆಯುವುದಿಲ್ಲ.

ಇಬ್ಬರು ಅತ್ತರು. ಆನಂದಣ್ಣ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಾಚಿಕೆಯಾಯಿತು. ಖುಷಿಯೂ ಆಯಿತು, ಅದನ್ನೂ ಬರೆಯಬೇಕು.

ಧನಲಕ್ಷ್ಮಿ ಬಂದಿದ್ದಳು, ಮೊದಲ ಸಲ. ಹಾಡು ಕೇಳುವ ಆಸೆಗೆ. ವಾಪಸು ಬಸ್ಸಿನಲ್ಲಿ ಕೇಳಿದಳು—

"ಮಾತ್ರೆ ಪೂರ್ತಿ ಬಿಟ್ಯಾ? ಒಂದೇ ಸಲಕ್ಕಾ?"

"ಹೂಂ ಮಾರಾಯ್ತಿ."

ಯಾಕೆ ಕೇಳಿದಳೋ. ಕಿಟಕಿಯ ಕಡೆ ತಿರುಗಿ ಕೂತಳು.

4 ಫೆಬ್ರವರಿ, ಬುಧವಾರ

ಬರೆದು ಹತ್ತು ದಿನ ಮೀರಿತು. ಇಂಟರ್ನಲ್ಸ್ ಇತ್ತು.

ಇವತ್ತು ಧನಲಕ್ಷ್ಮಿ ಡಬ್ಬಿಯಲ್ಲಿ ಶೇಂಗಾ ಉಂಡೆ ತಂದಿದ್ದಳು. "ಅಮ್ಮ ನಿಂಗೇ ಅಂತ ಕಟ್ಟಿದ್ದು." ಯಾಕೆ ಅಂದೆ. ಮುಖ ಅರಳಿತು. ಅವಳ ಅಮ್ಮ ದುರ್ಗಮ್ಮ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾರೆ. ಅವರಿಗೆ ಏಳು ವರ್ಷದಿಂದ ಫಿಟ್ಸ್. ನನಗೆ ಗೊತ್ತೇ ಇರಲಿಲ್ಲ. ಕೆಲಸ ಹೋಗುತ್ತದೆ ಅಂತ ಯಾರಿಗೂ ಹೇಳುವುದಿಲ್ಲವಂತೆ. ನನ್ನ ಸಾಕ್ಷಿಯನ್ನು ಅವಳು ಮನೆಯಲ್ಲಿ ಅಕ್ಷರ ಬಿಡದೆ ಹೇಳಿದ್ದಾಳೆ. ಆ ಭಾನುವಾರದಿಂದ ಮಾತ್ರೆ ಬಂದ್. ಬೆಳಿಗ್ಗೆ ಸಂಜೆ ಮಂಡಿಯೂರಿ ನನ್ನ ಮಾತನ್ನೇ ಹೇಳುತ್ತಾರಂತೆ. "ಇನ್ನು ನೀನೇ ನೋಡ್ಕೊ ಸ್ವಾಮಿ."

"ಹತ್ತು ದಿನ ಆಯ್ತು ಮೇಬಲ್. ಒಂದ್ಸಲಾನೂ ಬಂದಿಲ್ಲ!"

ಕೈಯಲ್ಲಿದ್ದ ಉಂಡೆಯನ್ನು ಡಬ್ಬಿಗೇ ವಾಪಸು ಇಟ್ಟೆ.

"ಡಾಕ್ಟ್ರನ್ನ ಒಂದ್ಮಾತು ಕೇಳಿ..."

"ನೀನು ಕೇಳಿದ್ಯಾ?"

ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಇನ್ನೊಂದು ವಿಷಯ, ಇದನ್ನು ಬರೆಯಲೂ ಹೆದರಿಕೆ: ಹತ್ತು ದಿನ ಬಂದಿಲ್ಲವಲ್ಲ, ಹೇಗೆ? ನಾನು ಹೇಳಿದ್ದು ಸುಳ್ಳು. ಅವರು ನಂಬಿದ್ದು ಸುಳ್ಳಲ್ಲ. ದೇವರು ಯಾವುದನ್ನು ಕೇಳಿಸಿಕೊಳ್ಳುತ್ತಾನೆ?

5 ಫೆಬ್ರವರಿ, ಗುರುವಾರ

ಅಜ್ಜಿಯನ್ನು ಕೇಳಿದೆ, ನನ್ನ ಮಾತ್ರೆ ನಿಲ್ಲಿಸಿದ್ದು ಹೇಗೆ ಅಂತ.

"ಎರಡು ವರ್ಷ ಬೆಲ್ಲದೊಳ್ಗೆ ಇಟ್ಟು ನುಂಗ್ಸಿದೀನಿ. ಡಾಕ್ಟ್ರು ಸಾಕು ಅಂದ್ಮೇಲೂ ಒಮ್ಮೆಗೇ ಬಿಡ್ಲಿಲ್ಲ, ಅರ್ಧರ್ಧ ಮಾಡಿ ಬಿಡ್ಸಿದ್ದು. ಒಮ್ಮೆಗೇ ಬಿಟ್ರೆ ಜೋರಾಗಿ ಬರುತ್ತೆ ಅಂದಿದ್ರು."

"ಪ್ರಾರ್ಥನೆ?"

"ಮಾಡ್ದೇ ಇರ್ತೀನಾ? ದಿನಾ ಮಾತ್ರೆ ಕೈಲಿಟ್ಕೊಂಡೇ ಮಾಡ್ತಿದ್ದೆ."

ನಾಳೆ ಬಸ್ಸಿನಲ್ಲೇ ಹೇಳುತ್ತೇನೆ. ಖಂಡಿತ.

6 ಫೆಬ್ರವರಿ, ಶುಕ್ರವಾರ

ಧನಲಕ್ಷ್ಮಿ ಬರಲಿಲ್ಲ.

7 ಫೆಬ್ರವರಿ, ಶನಿವಾರ

ಇವತ್ತೂ ಬರಲಿಲ್ಲ. ಮಧ್ಯಾಹ್ನ ಮಲವಗೊಪ್ಪದಲ್ಲಿ ಇಳಿದೆ. ಮನೆ ಕೇಳಿಕೊಂಡು ಹೋದೆ.

ದುರ್ಗಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹಣೆಗೆ ಬ್ಯಾಂಡೇಜು, ಬಲ ಮೊಣಕೈ ಸುಟ್ಟು ಮುಲಾಮು ಹಚ್ಚಿತ್ತು. ಗುರುವಾರ ಬಂದಿದೆ, ಅಂಗನವಾಡಿಯ ಒಲೆಯ ಮುಂದೆಯೇ. ಅನ್ನದ ಪಾತ್ರೆ ಆಗಲೇ ಇಳಿಸಿದ್ದರಿಂದ ಉಳಿದರು. ಧನಲಕ್ಷ್ಮಿ ನೀರು ಕೊಟ್ಟಳು. ನನ್ನ ಮುಖ ನೋಡಲಿಲ್ಲ.

ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ದುರ್ಗಮ್ಮ ನನ್ನ ಕೈ ಹಿಡಿದುಕೊಂಡರು.

"ಬೇಜಾರ್ ಮಾಡ್ಕೋಬೇಡ ಮಗಾ. ನನ್ನ ನಂಬಿಕೆನೇ ಸಾಲ್ಲಿಲ್ಲ ಅಂತ ಕಾಣುತ್ತೆ. ನೀನು ಅಷ್ಟು ಚಿಕ್ಕೋಳು ಪೂರ್ತಿ ನಂಬಿದ್ದೆ. ನಾನು ಒಂದು ಮಾತ್ರೆ ಎಸೀದೆ ಸೆರಗಿನಲ್ಲಿ ಕಟ್ಕೊಂಡಿದ್ದೆ. ಅನುಮಾನ. ಅದಕ್ಕೇ ಬಂತು."

ಅಷ್ಟಕ್ಕೇ ಅಳು ಬಂತು. ಎಲ್ಲ ಹೇಳಿದೆ. ಎರಡು ವರ್ಷದ ಮಾತ್ರೆ, ಬೆಲ್ಲ, ಡಾಕ್ಟರು, ಲೈಬ್ರರಿ ಕಾರ್ಡು. ಯಾವತ್ತೂ ಹಾಗೆ ಮಂಡಿಯೂರಿರಲಿಲ್ಲ, ತಾರೀಖೇ ಇರಲಿಲ್ಲ ಅಂದೆ.

ದುರ್ಗಮ್ಮ ನನ್ನ ಕೈ ಬಿಟ್ಟರು.

"ಹಾಗಾದ್ರೆ ನನ್ನ ತಪ್ಪಲ್ಲ," ಅಂದರು.

"ಅಲ್ಲಮ್ಮ. ನಂದು."

"ನನ್ನ ತಪ್ಪಲ್ವಂತೆ ಧನಾ." ಮಗಳಿಗೆ ಎರಡೆರಡು ಸಲ ಹೇಳಿದರು. ಸೆರಗಿನ ಗಂಟು ಬಿಚ್ಚಿ ಆ ಮಾತ್ರೆ ತೆಗೆದರು. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ ಅಂದರು. ಅಲ್ಲಿಯವರೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗೋಣ ಅಂದೆ. ಮೂವರೂ ಆಟೋದಲ್ಲಿ ಹೋದೆವು. ಡಾಕ್ಟರು ಚೆನ್ನಾಗಿ ಬೈದು ಮತ್ತೆ ಮಾತ್ರೆ ಶುರು ಮಾಡಿಸಿದರು. ಯಾರು ಬಿಡಿಸಿದ್ದು ಅಂತ ಕೇಳಿದಾಗ ದುರ್ಗಮ್ಮ ನನ್ನ ಹೆಸರು ಹೇಳಲಿಲ್ಲ.

10 ಫೆಬ್ರವರಿ, ಮಂಗಳವಾರ

ಧನಲಕ್ಷ್ಮಿ ಬಸ್ಸು ಹತ್ತಿ ಹಿಂದಿನ ಸೀಟಿಗೆ ಹೋದಳು. ನಾನೇ ಎದ್ದು ಹೋಗಿ ಪಕ್ಕದಲ್ಲಿ ನಿಂತೆ. ಅಮ್ಮ ಹೇಗಿದ್ದಾರೆ ಅಂದೆ. ಪರವಾಗಿಲ್ಲವಂತೆ. ಕಾಲೇಜಿನ ಸ್ಟಾಪು ಬಂದಾಗ ಬಾಯಿಬಿಟ್ಟಳು.

"ನಿಮ್ಮೋರ ಮುಂದೆನೂ ಹೇಳ್ತೀಯಾ? ಇಲ್ಲಾ ನಮ್ಮಮ್ಮನ ಮುಂದೆ ಮಾತ್ರನಾ?"

11 ಫೆಬ್ರವರಿ, ಬುಧವಾರ

ಆನಂದಣ್ಣನಿಗೆ ಹೇಳಿದೆ. ಮುಖ ಸಣ್ಣಗಾಯಿತು. ಕೆಟ್ಟವರಲ್ಲ, ನಿಜವಾಗಿಯೂ ನೊಂದುಕೊಂಡರು. ಆಮೇಲೆ ಮೆಲ್ಲಗೆ, "ಎಲ್ಲರ ಮುಂದೆ ಬೇಡಮ್ಮ. ಹೊಸಬರಿದ್ದಾರೆ, ಅವರ ನಂಬಿಕೆ ಕದಲುತ್ತೆ. ನೀನೂ ನಾನೂ ಪ್ರಾರ್ಥನೆ ಮಾಡಿ ಇಲ್ಲಿಗೇ ಮುಗಿಸೋಣ," ಅಂದರು.

ಹೂಂ ಅಂದೆ. ಎಷ್ಟು ಹಗುರ ಅನ್ನಿಸಿತು!

ಹೊರಗೆ ಬಂದರೆ ಫಸ್ಟ್ ಇಯರ್ ಸುಶ್ಮಿತಾ. "ಅಕ್ಕ, ನಿಮ್ಮ ಸಾಕ್ಷಿ ನಮ್ಮ ಚಿಕ್ಕಪ್ಪಂಗೆ ಹೇಳ್ದೆ. ಅವ್ರಿಗೆ ಶುಗರ್ ಇದೆ."

ಅಲ್ಲೇ ನಿಲ್ಲಿಸಿ ನಿಜ ಹೇಳಿದೆ. ಮಾತ್ರೆ ಬಿಡಬೇಡಿ ಅಂತ ಚಿಕ್ಕಪ್ಪನಿಗೆ ಇವತ್ತೇ ಫೋನ್ ಮಾಡಿಸು ಅಂದೆ. ಕಣ್ಣು ಬಿಟ್ಟುಕೊಂಡು ನೋಡಿದಳು. ಅಂದು ರೂಮಿನಲ್ಲಿದ್ದವರು ಇನ್ನೂ ಹತ್ತು ಜನ. ಅವರು ಎಷ್ಟು ಜನಕ್ಕೆ ಹೇಳಿದ್ದಾರೋ.

13 ಫೆಬ್ರವರಿ, ಶುಕ್ರವಾರ, ಮಧ್ಯಾಹ್ನ 1.10

ಮಹಡಿ ರೂಮು. ಹಾಡುತ್ತಿದ್ದಾರೆ. ನೋಟ್ಸ್ ಬರೆಯುವವಳ ಹಾಗೆ ತಲೆ ತಗ್ಗಿಸಿ ಇದನ್ನು ಬರೆಯುತ್ತಿದ್ದೇನೆ. ಎರಡು ನಿಮಿಷ ಬೇಕು ಅಂತ ಆನಂದಣ್ಣನಿಗೆ ಚೀಟಿ ಕಳಿಸಿದೆ. ಓದಿದರು. ತಲೆಯಾಡಿಸಿದರು, ಬೇಡ ಅಂತ.

ಹೆದರಿಕೆ ತುಂಬಾ ಇದೆ. ಇವರೆಲ್ಲ ನಾಳೆಯಿಂದ ಹೇಗೆ ನೋಡುತ್ತಾರೋ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತಲೂ ಅನ್ನಿಸುತ್ತಿದೆ, ವಿಚಿತ್ರ.

ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟರು. ಧನಲಕ್ಷ್ಮಿ. ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ಜಾಗ ಬಿಟ್ಟರೂ ಕೂರುತ್ತಿಲ್ಲ. ನನ್ನನ್ನೇ ನೋಡುತ್ತಿದ್ದಾಳೆ.

ಹಾಡು ಮುಗಿಯಿತು. ಆನಂದಣ್ಣ ಬೈಬಲ್ ತೆರೆಯುತ್ತಿದ್ದಾರೆ. ಈಗ ಏಳದಿದ್ದರೆ ಇನ್ನು—